ಹೊಸ ಕಬ್ಬಿಣಕ್ಕೆ ಹಳೆಯ ಬಣ್ಣ

ಹೊಸದಾಗಿ ಕೊಂಡ ವಸ್ತುವಿನ ಮೇಲೆ ಒಂದು ಗೀರು ಬಿದ್ದರೂ ಹೊಟ್ಟೆ ಉರಿದುಕೊಳ್ಳುವುದು ಲೋಕರೂಢಿ. ಹೊಸ ಸೈಕಲ್ಲಿನ ಕಂಬಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ವರ್ಷವಾದರೂ ಬಿಚ್ಚದವರಿದ್ದಾರೆ. ಇಂಥ ಲೋಕದಲ್ಲಿಯೇ, ನೂರಾರು ಡಾಲರ್ ತೆತ್ತು ಫಳಫಳ ಹೊಳೆಯುವ ಹೊಸ ರಿವಾಲ್ವರ್ ತರಿಸಿಕೊಂಡು, ಪೆಟ್ಟಿಗೆ ಬಿಚ್ಚಿದ ಮರುದಿನವೇ ಅದನ್ನು ವಿನಿಗರ್‌ನಲ್ಲಿ ಮುಳುಗಿಸಿ ಬಣ್ಣ ಕಳೆಯುವ ಜನರೂ ಇದ್ದಾರೆ ಎಂದರೆ ನಂಬುವುದು ಕಷ್ಟ. ಆದರೂ ಅದು ನಿಜ. ಅಮೆರಿಕ ಮತ್ತು ಯೂರೋಪಿನಲ್ಲಿ ಕರಿಮದ್ದಿನ ರಿವಾಲ್ವರುಗಳ ಹವ್ಯಾಸ ಹಚ್ಚಿಕೊಂಡವರಲ್ಲಿ ಇದೊಂದು ಮಾಮೂಲಿ ಕೆಲಸ. ಹೊಳಪು ಅವರಿಗೆ ಬೇಡ. ನೂರಾರು ವರ್ಷ ಬಾಳಿದಂತೆ ಕಾಣುವ ಮಾಸಲು ಬೂದು ಬಣ್ಣ ಬೇಕು.

ಈ ರಿವಾಲ್ವರುಗಳು ಇಂದಿನ ಪೊಲೀಸರ ಸೊಂಟದಲ್ಲಿರುವಂಥವಲ್ಲ. ಲೋಹದ ತೋಟಾ ಬಳಕೆಗೆ ಬರುವುದಕ್ಕೆ ಮುಂಚಿನವು. ಸಿಲಿಂಡರಿನ ಒಂದೊಂದು ಕುಳಿಗೂ ಮುಂಭಾಗದಿಂದ ಕರಿಮದ್ದು ಸುರಿದು, ಅದರ ಮೇಲೆ ಸೀಸದ ಗುಂಡನ್ನು ಒತ್ತಿ ಕೂರಿಸಿ, ಹಿಂಭಾಗದ ಮೊಳೆಯಂಥ ತುದಿಗೆ ತಾಮ್ರದ ಪುಟ್ಟ ಟೋಪಿಯನ್ನು ಸಿಕ್ಕಿಸಬೇಕು. ಮಲೆನಾಡಿನಲ್ಲಿ ಕೇಪಿನ ಕೋವಿ ಎನ್ನುತ್ತಾರಲ್ಲ, ಅದರದೇ ತತ್ವ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ (1814–1862) ಈ ಬಗೆಯ ರಿವಾಲ್ವರುಗಳನ್ನು ಯಂತ್ರಗಳಿಂದ ಲಕ್ಷಗಟ್ಟಲೆ ತಯಾರಿಸಿ ಹೆಸರಾದವನು. ಅವನ ಕಂಪನಿಯ 1851ರ ನೇವಿ ಮಾದರಿ ಒಂದೇ ಎರಡು ಲಕ್ಷಕ್ಕೂ ಹೆಚ್ಚು ಹೊರಬಂದಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷಗಳ ಸವಾರರ ಸೊಂಟದಲ್ಲಿ ಇಂಥವೇ ತೂಗಾಡುತ್ತಿದ್ದವು. ಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ತೋಟಾ ಬಂತು, ಇವು ಮೂಲೆ ಸೇರಿದವು.

ಮೂಲೆ ಸೇರಿದ್ದನ್ನು ಮತ್ತೆ ಹೊರಗೆಳೆದದ್ದು ಯುದ್ಧದ ನೂರನೆಯ ವರ್ಷದ ಸಂಭ್ರಮ. 1950ರ ದಶಕದ ಕೊನೆಯ ಹೊತ್ತಿಗೇ, ಬರಲಿರುವ ಶತಮಾನೋತ್ಸವಕ್ಕೆ ಹಳೆಯ ಸಮವಸ್ತ್ರ ತೊಟ್ಟು ಯುದ್ಧದ ಅಣಕು ಪ್ರದರ್ಶನ ಮಾಡುವವರು, ಹಳೆಯ ಬಂದೂಕುಗಳಿಂದ ಗುರಿ ಹೊಡೆಯುವ ಸ್ಪರ್ಧೆಗಿಳಿಯುವವರು ಹೆಚ್ಚಿದರು. ಅಸಲಿ ಕೋಲ್ಟ್‌ಗಳು ಸಂಗ್ರಹಕಾರರ ಕಪಾಟು ಸೇರಿ ದುಬಾರಿಯಾಗಿದ್ದವು. ವ್ಯಾಲ್ ಫಾರ್ಗೆಟ್ ಎಂಬ ಅಮೆರಿಕನ್ ವ್ಯಾಪಾರಿ ಇಟಲಿಯತ್ತ ಮುಖ ಮಾಡಿದ. ಬ್ರೆಶಾ ನಗರದ ಉತ್ತರಕ್ಕಿರುವ ಟ್ರೊಂಪಿಯಾ ಕಣಿವೆಯ ಗಾರ್ಡೋನೆ ಊರು ಕಬ್ಬಿಣದ ಗಣಿ, ಕುಲುಮೆ, ಬಂದೂಕುಗಳಿಗೆ ಶತಮಾನಗಳಿಂದ ಹೆಸರಾದದ್ದು. ಬೆರೆಟಾ ಮನೆತನ ಅಲ್ಲಿಂದ ವೆನಿಸ್‌ಗೆ ನಳಿಕೆ ಕಳಿಸಿದ ದಾಖಲೆ 1526ರಷ್ಟು ಹಿಂದಿನದು. ಅಂಥ ಕೈಗಳಿಗೆ ಕೋಲ್ಟ್‌ನ ನಕಲು ಕಷ್ಟವಾಗಲಿಲ್ಲ. 1959ರಲ್ಲಿ ಆಲ್ಡೊ ಉಬೆರ್ಟಿ ಸ್ಥಾಪಿಸಿದ ಕಂಪನಿ, ಆಮೇಲೆ ಬಂದ ಪಿಯೆಟ್ಟಾ ಮೊದಲಾದವು ಇಂದಿಗೂ ಈ ಕೆಲಸದಲ್ಲಿವೆ. ಸೆರ್ಜಿಯೋ ಲಿಯೋನೆಯ ಇಟಾಲಿಯನ್ ಕೌಬಾಯ್ ಚಿತ್ರಗಳನ್ನು ನೋಡಿದವರು ಈ ನಕಲುಗಳನ್ನು ತಮಗೆ ಗೊತ್ತಿಲ್ಲದೆಯೇ ನೋಡಿರುತ್ತಾರೆ.

ನಕಲು ಅಳತೆಯಲ್ಲಿ ಮೂಲವನ್ನು ಹೋಲಬಹುದು, ತೂಕದಲ್ಲಿ ಹೋಲಬಹುದು. ಎಡವುವುದು ಬಣ್ಣದಲ್ಲಿ. ಏಕೆ ಎಂದು ತಿಳಿಯಬೇಕಾದರೆ ಕಬ್ಬಿಣದ ಒಂದು ಗುಟ್ಟು ತಿಳಿಯಬೇಕು. ಬಂದೂಕಿನ ನೀಲಿ-ಕಪ್ಪು ಬಣ್ಣ ಬಳಿದ ಬಣ್ಣವಲ್ಲ. ಅದೂ ಒಂದು ಬಗೆಯ ತುಕ್ಕೇ!

ಕಬ್ಬಿಣಕ್ಕೆ ಎರಡು ತೆರನ ತುಕ್ಕು ಹಿಡಿಯುತ್ತದೆ ಎಂದುಕೊಂಡರೆ ವಿಷಯ ಸುಲಭವಾಗುತ್ತದೆ. ಮಳೆಗಾಲದಲ್ಲಿ ಹೊರಗೆ ಬಿಟ್ಟ ಗುದ್ದಲಿಯ ಮೇಲೆ ಕಾಣುವುದು ಕೆಂಪು ತುಕ್ಕು. ಅದು ಸಡಿಲ, ಪುಡಿಪುಡಿ. ತೇವವನ್ನು ಹೀರಿಕೊಂಡು ಒಳಗಿನ ಕಬ್ಬಿಣವನ್ನೂ ತಿನ್ನುತ್ತಾ ಹೋಗುತ್ತದೆ. ಇನ್ನೊಂದು ಕಪ್ಪು ಆಕ್ಸೈಡ್, ಮ್ಯಾಗ್ನಟೈಟ್. ಇದು ಲೋಹಕ್ಕೆ ಗಟ್ಟಿಯಾಗಿ ಅಂಟಿ ಕೂರುತ್ತದೆ, ಎಣ್ಣೆ ಸವರಿದರೆ ಹಿಡಿದಿಟ್ಟುಕೊಳ್ಳುತ್ತದೆ, ಕೆಂಪು ತುಕ್ಕನ್ನು ಬಹುಮಟ್ಟಿಗೆ ದೂರವಿಡುತ್ತದೆ. ಕಳ್ಳರ ಬಂಧುವನ್ನೇ ಮನೆಯ ಕಾವಲಿಗೆ ಇಟ್ಟ ಹಾಗೆ. ಕೆಲವು ಕುಶಲಿಗಳು ನಳಿಕೆಗೆ ಬೇಕೆಂದೇ ಕೆಂಪು ತುಕ್ಕು ಹಿಡಿಸಿ, ಅದನ್ನು ಕುದಿಯುವ ನೀರಿನಲ್ಲಿ ಮುಳುಗಿಸುತ್ತಾರೆ. ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುತ್ತದೆ. ಸಡಿಲವಾದದ್ದನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿ. ಹಲವು ಬಾರಿ ಹೀಗೆ ಮಾಡಿದರೆ ಮಿದುವಾದ, ಆಳವಾದ ಕಪ್ಪು ಬರುತ್ತದೆ. ಹೊಸ ದೋಸೆ ಕಾವಲಿಯನ್ನು ಎಣ್ಣೆ ಸವರಿ, ಕಾಯಿಸಿ, ಒರೆಸಿ, ಮತ್ತೆ ಸವರಿ ಪಳಗಿಸುವ ಮನೆಯಾಕೆಗೆ ಈ ತಾಳ್ಮೆಯ ಪರಿಚಯವಿದೆ. ಅಲ್ಲಿ ಕಪ್ಪು ಕೂರುವುದು ಮುಖ್ಯವಾಗಿ ಎಣ್ಣೆ ಗಟ್ಟಿಯಾಗಿ. ಇಲ್ಲಿ ಕಬ್ಬಿಣವೇ ಮಾರ್ಪಟ್ಟು. ಅಷ್ಟೇ ವ್ಯತ್ಯಾಸ.

ಇಷ್ಟು ತಾಳ್ಮೆ ಕಾರ್ಖಾನೆಗಳಿಗೆ ಎಲ್ಲಿಂದ ಬರಬೇಕು? 20ನೆಯ ಶತಮಾನದಲ್ಲಿ ಸುಲಭ ದಾರಿಯೊಂದು ಬಳಕೆಗೆ ಬಂತು. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದಟ್ಟ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿ, ಅದರಲ್ಲಿ ಭಾಗಗಳನ್ನು ಅದ್ದಿದರೆ ಅರ್ಧ ಗಂಟೆಯೊಳಗೆ ಎಲ್ಲ ಕಡೆ ಒಂದೇ ಸಮನಾದ ಕಪ್ಪು. ನಕಲು ರಿವಾಲ್ವರುಗಳ ಸಾಮಾನ್ಯ ಬಣ್ಣ ಇದೇ. ಕೋಲ್ಟ್‌ನ ಕಾಲದಲ್ಲಿ ಇದು ಇರಲಿಲ್ಲ. ಆಗ ಕನ್ನಡಿಯಂತೆ ತಿಕ್ಕಿದ ನಳಿಕೆಯನ್ನು ಇದ್ದಿಲಿನ ಕುಲುಮೆಯಲ್ಲಿ ಕಾಯಿಸಿ ಬಣ್ಣ ಬರಿಸುತ್ತಿದ್ದರು. ಅದು ಕಪ್ಪಲ್ಲ, ಬೆಳಕಿಗೆ ಹಿಡಿದರೆ ನಿಜವಾಗಿಯೂ ನೀಲಿ. ಆ ಚೆಲುವಿಗೆ ಬಾಳಿಕೆ ಮಾತ್ರ ಕಡಿಮೆ. ಚರ್ಮದ ಚೀಲದಿಂದ ಎಳೆದು ತೆಗೆದು ಮತ್ತೆ ತುರುಕುವಷ್ಟರಲ್ಲಿ ಅಂಚುಗಳಲ್ಲಿ ಸವೆದು ಬಿಳಿಚಿಕೊಳ್ಳುತ್ತಿತ್ತು. ನೂರೈವತ್ತು ವರ್ಷ ದಾಟಿದ ಅಸಲಿ ಕೋಲ್ಟ್‌ಗಳಲ್ಲಿ ಬಹುಪಾಲು ಬೂದು ಬಣ್ಣಕ್ಕೆ ತಿರುಗಿರುವುದು ಹೀಗಾಗಿಯೇ.

ಚೌಕಟ್ಟಿನ ಕಥೆ ಇನ್ನೂ ಸ್ವಾರಸ್ಯದ್ದು. ಅಸಲಿ ಕೋಲ್ಟ್‌ನ ಚೌಕಟ್ಟು, ಹ್ಯಾಮರುಗಳ ಮೇಲೆ ನೀಲಿ, ಕಂದು, ಬೂದು, ಹಳದಿ ಬಣ್ಣಗಳು ಮೋಡದಂತೆ ಹರಡಿರುತ್ತಿದ್ದವು. ಮಳೆ ಬಂದು ನಿಂತ ರಸ್ತೆಯ ಮೇಲೆ ಪೆಟ್ರೋಲ್ ಚೆಲ್ಲಿದಾಗ ಕಾಣುವ ಬಣ್ಣಗಳ ಹಾಗೆ. ಕಾರಣವೂ ಒಂದೇ ಜಾತಿಯದು. ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತ ತೆಳುವಾದ ಆಕ್ಸೈಡ್ ಪೊರೆಯ ಮೇಲ್ಮೈಯಿಂದ ಮತ್ತು ತಳದಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ ಕೆಲವು ಬಣ್ಣಗಳನ್ನು ಅಳಿಸುತ್ತವೆ, ಕೆಲವನ್ನು ಉಳಿಸುತ್ತವೆ. ಉಕ್ಕನ್ನು ಮೆಲ್ಲಗೆ ಕಾಯಿಸುತ್ತಾ ಹೋದರೆ ಸುಮಾರು 230 ಡಿಗ್ರಿಯಲ್ಲಿ ಹುಲ್ಲಿನ ಹಳದಿ, 280ರಲ್ಲಿ ನೇರಳೆ, 300ರ ಸುಮಾರಿಗೆ ನೀಲಿ ಕಾಣುವುದೂ ಇದರಿಂದಲೇ. ಕುಡುಗೋಲಿಗೆ ಹದ ಕೊಡುವ ಕಮ್ಮಾರನಿಗೆ ಥರ್ಮಾಮೀಟರ್ ಬೇಕಿಲ್ಲ, ಈ ಬಣ್ಣಗಳೇ ಸಾಕು.

ಆದರೆ ಕೋಲ್ಟ್‌ನ ಕಾರ್ಖಾನೆಯಲ್ಲಿ ಬಣ್ಣ ಬರಿಸುವುದು ಮುಖ್ಯ ಉದ್ದೇಶವಾಗಿರಲಿಲ್ಲ. ಅಂದಿನ ಮೆದು ಕಬ್ಬಿಣ ಬೇಗ ಸವೆಯುತ್ತಿತ್ತು. ಮೂಳೆ ಮತ್ತು ಚರ್ಮದ ಇದ್ದಿಲಿನಲ್ಲಿ ಹುದುಗಿಸಿ ಕೆಂಪಗೆ ಕಾಯಿಸಿ ಗಂಟೆಗಟ್ಟಲೆ ಇಟ್ಟರೆ ಇದ್ದಿಲಿನ ಇಂಗಾಲ ಕಬ್ಬಿಣದ ಮೇಲ್ಪದರಕ್ಕೆ ಇಳಿಯುತ್ತದೆ. ಆಮೇಲೆ ತಣ್ಣೀರಿಗೆ ಹಾಕಿದರೆ ಹೊರಗೆ ಗಾಜಿನಷ್ಟು ಗಡಸು, ಒಳಗೆ ಮೊದಲಿನ ಜಿಗುಟು. ಆ ತಣ್ಣೀರಿನ ಗಳಿಗೆಯಲ್ಲಿ ತಾನಾಗಿ ಮೂಡಿದ್ದು ಬಣ್ಣ. ಗಟ್ಟಿತನಕ್ಕೆ ದುಡಿದವನಿಗೆ ಸಿಕ್ಕ ಇನಾಮು ಎನ್ನಬಹುದು. ಇಂದು ಮೂಳೆಯ ಇದ್ದಿಲಿನ ಹಳೆಯ ದಾರಿಯಲ್ಲೇ ನಡೆಯುವ ಕುಶಲಿಗಳು ಕೆಲವರಿದ್ದಾರೆ. ಉಳಿದೆಡೆ ರಾಸಾಯನಿಕ ದ್ರಾವಣ ಸವರಿ ಬಣ್ಣವನ್ನಷ್ಟೇ ತರುವ ರೂಢಿಯೂ ಉಂಟು. ಅಲ್ಲಿ ಬಣ್ಣ ಇದೆ, ಅದಕ್ಕೆ ಕಾರಣವಾಗಿದ್ದ ಗಟ್ಟಿತನ ಆ ಬಣ್ಣದಿಂದ ಬಂದುದಲ್ಲ.

ಹಿತ್ತಾಳೆಯದು ಬೇರೆಯೇ ಕಥೆ. ಅಂಗಡಿಗಳಲ್ಲಿ ಸಿಗುವ ನಕಲುಗಳಲ್ಲಿ ಚಿನ್ನದಂತೆ ಮಿನುಗುವ ಹಿತ್ತಾಳೆ ಚೌಕಟ್ಟಿನವು ನೋಡಲು ಬಲು ಚೆಂದ, ಬೆಲೆಯಲ್ಲಿ ಅಗ್ಗ. ಹೊಸಬರು ಮೊದಲು ಮರುಳಾಗುವುದು ಅವುಗಳಿಗೇ. ಆದರೆ ಆ ಹೊಳಪಿನ ಹಿಂದಿರುವುದು ಬಡತನ. ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳಿಗೆ ಉಕ್ಕಿನ ಕೊರತೆ ವಿಪರೀತವಾಗಿತ್ತು. ಜಾರ್ಜಿಯಾದ ಗ್ರಿಸ್ವೊಲ್ಡ್‌ವಿಲ್ ಎಂಬಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಕಾರ್ಖಾನೆಯೊಂದು 1862ರಿಂದ ಕೋಲ್ಟ್ ನೇವಿಯನ್ನು ಹೋಲುವ ರಿವಾಲ್ವರುಗಳನ್ನು ತಯಾರಿಸಿತು. ಉಕ್ಕಿಲ್ಲದೆ ಚೌಕಟ್ಟಿಗೆ ಹಿತ್ತಾಳೆಯನ್ನು ಹೊಯ್ದರು. ಸಿಲಿಂಡರಿನ ಕಬ್ಬಿಣದ ಸರಳನ್ನು ಬಲ ಬರಲೆಂದು ಹಗ್ಗದಂತೆ ತಿರುಚಿದರು. ಮೂರೂವರೆ ಸಾವಿರಕ್ಕಿಂತ ಹೆಚ್ಚು ರಿವಾಲ್ವರುಗಳು ಹೀಗೆ ಹೊರಬಂದವು. ಅವುಗಳನ್ನು ಮಾಡಿದ ಕೈಗಳಲ್ಲಿ ಬಹುಪಾಲು ಗುಲಾಮರಾಗಿದ್ದ ಕಪ್ಪು ಜನರವು. ತಮ್ಮನ್ನು ಗುಲಾಮಗಿರಿಯಲ್ಲಿ ಉಳಿಸಿಕೊಳ್ಳಲು ಹೋರಾಡುತ್ತಿದ್ದವರಿಗೆ ಅವರೇ ಆಯುಧ ಮಾಡಿಕೊಡಬೇಕಾಯಿತು. 1864ರ ನವೆಂಬರಿನಲ್ಲಿ ಉತ್ತರದ ಸವಾರರು ಆ ಕಾರ್ಖಾನೆಯನ್ನು ಸುಟ್ಟುಹಾಕಿದರು. ಇಂದು ಗಾಜಿನ ಕಪಾಟಿನಲ್ಲಿ ಮಿರುಗುವ ಹಿತ್ತಾಳೆಗೆ ಇದೆಲ್ಲ ನೆನಪಿಲ್ಲ. ಹಿತ್ತಾಳೆ ಮೆದು ಲೋಹವಾದ್ದರಿಂದ ಹೆಚ್ಚು ಮದ್ದು ತುಂಬಿ ಹೊಡೆದರೆ ಚೌಕಟ್ಟು ಹಿಗ್ಗಿ ಸಡಿಲವಾಗುತ್ತದೆ ಎಂಬುದನ್ನು ಮಾತ್ರ ಅನುಭವಸ್ಥರು ಹೊಸಬರಿಗೆ ಹೇಳಿಕೊಡುತ್ತಾರೆ.

ಹೀಗೆ ಹೊಸ ಕಪ್ಪು ಮೂಲದ ನೀಲಿಯಲ್ಲ, ಮೂಲದ ನೀಲಿಯೂ ಈಗ ಉಳಿದಿಲ್ಲ ಎಂದಾದಾಗ ಹವ್ಯಾಸಿ ಅಡುಗೆಮನೆಗೆ ನಡೆಯುತ್ತಾನೆ. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ಕಪ್ಪು ಆಕ್ಸೈಡನ್ನು ಕರಗಿಸಿ ಬರಿಯ ಉಕ್ಕನ್ನು ಹೊರಗೆ ತರುತ್ತದೆ. ಆಮೇಲೆ ಸಾಸಿವೆಯ ಗೊಜ್ಜನ್ನು ಅಲ್ಲಲ್ಲಿ ಮೆತ್ತಿ ಕಲೆ ಹಿಡಿಸುವುದು, ನಯವಾದ ಉಕ್ಕಿನ ನಾರಿನಿಂದ ತಿಕ್ಕುವುದು, ಎಣ್ಣೆ ಸವರುವುದು. ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹಾಕಿ ಹಿತ್ತಾಳೆಯನ್ನು ಬೆಳಗುತ್ತಾರೆ. ಆತ ಹಿತ್ತಾಳೆಯನ್ನು ಮುಚ್ಚಿದ ಡಬ್ಬಿಯಲ್ಲಿ ಅಮೋನಿಯದ ಆವಿಗೆ ಒಡ್ಡಿ ಮಾಸಿಸುತ್ತಾನೆ. ಬೇಗ ತುಕ್ಕು ಹಿಡಿಯಲೆಂದು ಬಟ್ಟೆ ಬಿಳುಪಿಸುವ ಬ್ಲೀಚ್ ಬಳಸುವವರೂ ಇದ್ದಾರೆ. ವಿನಿಗರ್ ಮತ್ತು ಬ್ಲೀಚ್ ಒಂದೇ ಪಾತ್ರೆಯಲ್ಲಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಶ್ವಾಸಕೋಶ ಸುಟ್ಟದ್ದು ಅದೇ ಅನಿಲ. ಹಳೆಯ ಬಣ್ಣದ ಆಸೆಗೆ ಪ್ರಾಣವನ್ನು ಪಣವಿಡುವುದು ಜಾಣತನವಲ್ಲ.

ಇಷ್ಟೆಲ್ಲ ಮಾಡಿದರೂ ಪಳಗಿದ ಕಣ್ಣು ಮೋಸ ಹೋಗುವುದಿಲ್ಲ. ಏಕೆಂದರೆ ನಿಜವಾದ ಸವೆತಕ್ಕೆ ಒಂದು ಲೆಕ್ಕವಿದೆ. ಚೀಲಕ್ಕೆ ಉಜ್ಜಿದ ನಳಿಕೆಯ ತುದಿ, ಸಿಲಿಂಡರಿನ ಅಂಚು, ಅಂಗೈ ಕೂರುವ ಹಿಡಿಯ ಬೆನ್ನು—ಇವು ಮೊದಲು ಬಿಳಿಚುತ್ತವೆ. ಬೆರಳು ಹೋಗದ ಸಂದುಗಳಲ್ಲಿ ಮೊದಲ ನೀಲಿ ಚೂರುಪಾರು ಉಳಿದಿರುತ್ತದೆ. ಕೇಪು ಸಿಡಿಯುವ ಜಾಗದ ಸುತ್ತ ಸಿಡುಬಿನ ಕಲೆಯಂಥ ಸಣ್ಣ ಕುಳಿಗಳು. ವಿನಿಗರ್‌ಗೆ ಈ ಲೆಕ್ಕ ಗೊತ್ತಿಲ್ಲ. ಅದು ಎಲ್ಲ ಕಡೆ ಸಮನಾಗಿ ತಿನ್ನುತ್ತದೆ. ಸವೆತ ಎಂಬುದು ಕೈ ಬರೆದ ದಿನಚರಿ. ಅದನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಲಾಗದು.

ಮೋಜಿನ ಮಾತೆಂದರೆ, ನಿಜವಾದ ಹಳೆಯ ರಿವಾಲ್ವರಿನ ವಿಷಯದಲ್ಲಿ ನಿಯಮವೇ ತಿರುಗುಮುರುಗು. ಅಜ್ಜನ ಕಾಲದ ಕೋಲ್ಟ್ ಸಿಕ್ಕಿತೆಂದು ಅದನ್ನು ತಿಕ್ಕಿ ತೊಳೆದು ಹೊಸ ನೀಲಿ ಹಾಕಿಸಿದವನು ಅದರ ಬೆಲೆಯನ್ನು ತಾನೇ ಕೆಡಿಸಿದ ಹಾಗೆ. ಹಳತನ್ನು ಹೊಸದು ಮಾಡಿದರೆ ಬೆಲೆ ಬೀಳುತ್ತದೆ. ಹೊಸದನ್ನು ಹಳತು ಮಾಡಿದರೆ ಮೆಚ್ಚುಗೆ ಸಿಗುತ್ತದೆ! ಹವ್ಯಾಸಿಗಳ ಈ ರುಚಿಯನ್ನು ಅರಿತು ಕಾರ್ಖಾನೆಯಲ್ಲೇ ಸವೆಸಿದ ಬಣ್ಣದ ರಿವಾಲ್ವರುಗಳನ್ನು ಮಾರುವವರೂ ಇದ್ದಾರೆ. ಮೂಲ ಕಂಪನಿಯೇ ಈ ಆಟಕ್ಕೆ ಇಳಿದದ್ದೂ ಉಂಟು. 1971ರಿಂದ ಸುಮಾರು ಹತ್ತು ವರ್ಷ ಕೋಲ್ಟ್ ಕಂಪನಿ ತನ್ನದೇ ಹಳೆಯ ಮಾದರಿಗಳನ್ನು ಮತ್ತೆ ಮಾರಿತು. ಅವುಗಳ ಒರಟು ಭಾಗಗಳು ಬಂದದ್ದು ಇಟಲಿಯಿಂದ. ಅಸಲಿ ಯಾವುದು, ನಕಲಿ ಯಾವುದು ಎಂದು ಕೇಳುವವರ ತಲೆ ತಿರುಗಿದರೆ ಆಶ್ಚರ್ಯವಿಲ್ಲ.

ಆದರೆ ಈ ಪ್ರಶ್ನೆಯನ್ನು ನಕ್ಕು ಬಿಡುವಂತಿಲ್ಲ. 2018ರಲ್ಲಿ 1847ರ ಕೋಲ್ಟ್ ವಾಕರ್ ರಿವಾಲ್ವರೊಂದು ಪೆಟ್ಟಿಗೆ ಸಮೇತ ಅಮೆರಿಕದ ಹರಾಜಿನಲ್ಲಿ 18 ಲಕ್ಷದ 40 ಸಾವಿರ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 12 ಕೋಟಿ ರೂಪಾಯಿ. ಅದೇ ಮಾದರಿಯ ಇಟಲಿಯ ನಕಲು ಕೆಲವು ನೂರು ಡಾಲರಿಗೆ ಸಿಗುತ್ತದೆ. ಇವೆರಡರ ನಡುವಿನ ಅಂತರದಲ್ಲಿ ಆಸೆ ಹುಟ್ಟದಿದ್ದರೆ ಅವನು ಮನುಷ್ಯನೇ ಅಲ್ಲ.

ಅಣಕು ಯುದ್ಧ ಮಾಡುವವರಲ್ಲಿ ಫಾರ್ಬ್ ಎಂಬ ಬೈಗುಳವಿದೆ. ಕಾಲಕ್ಕೆ ಹೊಂದದ ವೇಷ ತೊಟ್ಟವನಿಗೆ ಆ ಹೆಸರು. 1863ರ ಸೈನಿಕನ ಕೈಯಲ್ಲಿ ಕ್ವಾರ್ಟ್ಜ್ ಗಡಿಯಾರ ಕಂಡರೆ ಸಾಕು. ಈ ಬೈಗುಳಕ್ಕೆ ಅಂಜಿ ಕೆಲವರು ರಿವಾಲ್ವರಿನ ಮೇಲಿನ ಇಟಲಿಯ ಮುದ್ರೆಗಳನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ, ಆ ಜಾಗದಲ್ಲಿ ಸ್ಯಾಮ್ಯುಯೆಲ್ ಕೋಲ್ಟ್‌ನ ನ್ಯೂಯಾರ್ಕ್ ವಿಳಾಸವನ್ನು ಒತ್ತುತ್ತಾರೆ. ಬಣ್ಣ ಮಾಸಿಸುವುದು ವೇಷ; ನಾಟಕ ಮುಗಿದ ಮೇಲೆ ಕಳಚಬಹುದು. ಮುದ್ರೆ ಅಳಿಸುವುದು ಹಾಗಲ್ಲ. ಅದರಲ್ಲಿ ಒಬ್ಬನ ಹುಟ್ಟಿದ ದಿನವನ್ನೇ ತಿದ್ದಿದಂತಾಗುತ್ತದೆ.

ಆ ಮುದ್ರೆಗಳು ಹೇಳುವುದಾದರೂ ಏನು? ಇಟಲಿಯ ಕಾನೂನಿನಂತೆ ಪ್ರತಿ ಬಂದೂಕೂ ಗಾರ್ಡೋನೆಯ ಪರೀಕ್ಷಾಲಯದಲ್ಲಿ ಸಿಡಿಸಿ ನೋಡಿದ ಮೇಲೆಯೇ ಹೊರಬರಬೇಕು. ಅಲ್ಲಿ ಒತ್ತುವ ಗುರುತುಗಳಲ್ಲಿ ಪಿಎನ್ ಎಂಬುದು ಒಂದು. ಇಟಾಲಿಯನ್ ಭಾಷೆಯಲ್ಲಿ ಕರಿಮದ್ದು ಎಂಬುದರ ಮೊದಲಕ್ಷರಗಳು. ಇನ್ನೊಂದು ಸಣ್ಣ ಚೌಕದೊಳಗಿನ ಅಕ್ಷರಗಳು. ಅವು ಪರೀಕ್ಷೆಯ ವರ್ಷದ ಗುರುತು. ಎಎ ಎಂದಿದ್ದರೆ 1975. ನಳಿಕೆಯ ಮೇಲೆ ಕರಿಮದ್ದು ಮಾತ್ರ ಎಂಬ ಎಚ್ಚರಿಕೆ ಬೇರೆ. ಇದು ಗುಮಾಸ್ತರ ಅಲಂಕಾರವಲ್ಲ. ಇಂದಿನ ಹೊಗೆರಹಿತ ಮದ್ದು ಕರಿಮದ್ದಿಗಿಂತ ಬಹಳ ಹೆಚ್ಚಿನ ಒತ್ತಡ ಹುಟ್ಟಿಸುತ್ತದೆ. ಈ ರಿವಾಲ್ವರುಗಳಿಗೆ ಅದನ್ನು ತುಂಬಿದರೆ ಸಿಲಿಂಡರ್ ಹೊಡೆದವನ ಕೈಯಲ್ಲೇ ಸಿಡಿದೀತು. ಮುದ್ರೆ ಅಳಿಸಿದವನಿಗೆ ತನ್ನ ರಿವಾಲ್ವರಿನ ಹುಟ್ಟು ಗೊತ್ತು. ಅವನು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುವಾಗ ಅದನ್ನು ಕೊಂಡವನಿಗೆ ಗೊತ್ತಿಲ್ಲ. ಒಬ್ಬನ ಆಟ ಇನ್ನೊಬ್ಬನಿಗೆ ಮೋಸವಾಗುವುದು, ಕೆಲವೊಮ್ಮೆ ಗಾಯವಾಗುವುದು ಹೀಗೆ. ವಸ್ತುಗಳು ಮನುಷ್ಯರಿಗಿಂತ ಹೆಚ್ಚು ಕಾಲ ಬಾಳುತ್ತವೆ ಎಂಬುದನ್ನು ಹವ್ಯಾಸಿಗಳು ಮರೆಯಬಾರದು.

ಹಾಗಾದರೆ ಲೋಹಕ್ಕೆ ಬೇಕೆಂದೇ ಕಪ್ಪು ಹಿಡಿಸುವುದೇ ಸುಳ್ಳೇ? ಅಲ್ಲ ಎನ್ನಲು ಬೀದರಿನ ಕುಶಲಕರ್ಮಿಗಳೇ ಸಾಕ್ಷಿ. ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆಸಿ ಹೊಯ್ದ ಹೂಜಿಗೆ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ನೀರಿನಿಂದ ಉಜ್ಜುತ್ತಾರೆ. ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣಿನಲ್ಲಿ ನೈಟ್ರೇಟ್ ಲವಣ ಇದೆ ಎನ್ನುತ್ತಾರೆ. ಕರಿಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪೂ ನೈಟ್ರೇಟೇ, ಕಾರ್ಖಾನೆಯಲ್ಲಿ ನಳಿಕೆಯನ್ನು ಕಪ್ಪಾಗಿಸುವ ಕುದಿಯುವ ತೊಟ್ಟಿಯಲ್ಲಿರುವುದೂ ಅದೇ ಮನೆತನದ್ದು. ಮನೆತನ ಒಂದೇ ಆದರೂ ನಡತೆ ಬೇರೆ ಬೇರೆ. ಬಿದರಿಯ ಕಪ್ಪು ತನ್ನನ್ನು ಹಳೆಯದೆಂದು ಹೇಳಿಕೊಳ್ಳುವುದಿಲ್ಲ. ನಿನ್ನೆ ಮಾಡಿದ ಹೂಜಿಯನ್ನು ನಿನ್ನೆ ಮಾಡಿದ್ದೆಂದೇ ಮಾರುತ್ತಾರೆ. ಕಪ್ಪು ಅಲ್ಲಿ ಬೆಳ್ಳಿಯನ್ನು ತೋರಿಸುವುದಕ್ಕೆ ಇದೆ, ವಯಸ್ಸನ್ನು ಮರೆಸುವುದಕ್ಕಲ್ಲ.

ನಿಜವಾದ ಹಳೆಯ ಬಣ್ಣ ಬೇಕೆನ್ನುವವನಿಗೂ ಒಂದು ದಾರಿಯಿದೆ, ಕೊಂಚ ಉದ್ದದ್ದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನವಸ್ತುವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ತೇಲಿಹೋದರೆ ಮಿಕ್ಕದ್ದು ನಳಿಕೆ, ಸಿಲಿಂಡರುಗಳಿಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಹೀರುತ್ತವೆ. ಒಂದೆರಡು ದಿನ ಹಾಗೇ ಬಿಟ್ಟರೆ ಕೆಂಪು ತುಕ್ಕು ಗ್ಯಾರಂಟಿ. ಆದ್ದರಿಂದ ಗುರಿ ಹೊಡೆದ ಸಂಜೆಯೇ ರಿವಾಲ್ವರನ್ನು ಬಿಚ್ಚಿ, ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಸವರಿಡಬೇಕು. ಎಷ್ಟೇ ಆಯಾಸವಾಗಿದ್ದರೂ ತಪ್ಪಿಸುವಂತಿಲ್ಲ. ಹೀಗೆ ವರ್ಷಗಟ್ಟಲೆ ತೊಳೆದು ಒರೆಸಿ ಹಿಡಿದ ಕೈಯ ಕೆಳಗೆ ಕಾರ್ಖಾನೆಯ ಕಪ್ಪು ಮೆಲ್ಲನೆ ತಿಳಿಯಾಗುತ್ತದೆ, ಅಂಚುಗಳು ಬಿಳಿಚುತ್ತವೆ, ಹಿಡಿಯ ಹಿತ್ತಾಳೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಅದನ್ನು ನೋಡಿದವರು, ಇದನ್ನು ಇಟ್ಟುಕೊಂಡವನು ಅಚ್ಚುಕಟ್ಟಿನ ಮನುಷ್ಯ ಎಂದು ಹೇಳಬಲ್ಲರು. ಚೌಕದೊಳಗಿನ ಎರಡು ಅಕ್ಷರಗಳೂ ಅಲ್ಲೇ ಇರುತ್ತವೆ. ಅದು ಹುಟ್ಟಿದ್ದು ಯಾವ ವರ್ಷ ಎಂದು ಕೇಳಿದವರಿಗೆಲ್ಲ ಹೇಳುತ್ತವೆ.